ಪುಸ್ತಕ ಮುಚ್ಚಿಸಿ, ಆಮೇಲೆ ಕೇಳಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಪ್ರೌಢಶಾಲೆಗೆ ಹೋಗುವ ಮಕ್ಕಳಿರುವ ತಂದೆತಾಯಂದಿರ ಜೊತೆ ಇವತ್ತು ನನ್ನ ಮಾತು. ಅದರಲ್ಲೂ ‘ನಾವೇ ಓದಿದವರಲ್ಲ, ಮಕ್ಕಳಿಗೆ ಏನು ಹೇಳಿಕೊಡೋಣ’ ಎಂದು ಕೈಚೆಲ್ಲಿ ಕೂತವರ ಜೊತೆ. ನೀವು ಮಾಡಬೇಕಾದದ್ದು ಒಂದೇ ಕೆಲಸ. ಮಗು ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿಸಿ. ‘ಈಗ ಓದಿದ್ದೇನು, ಹೇಳು’ ಎಂದು ಕೇಳಿ.

ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ರಾತ್ರಿ ಹನ್ನೊಂದರವರೆಗೆ ಓದುವಳು. ಪುಸ್ತಕದ ತುಂಬ ಬಣ್ಣದ ಗೆರೆಗಳು. ಆದರೂ ವಿಜ್ಞಾನದಲ್ಲಿ ಎರಡು ಸಲ ಫೇಲಾದಳು, ಶಾಲೆ ಬಿಡುತ್ತೇನೆ ಅಂದಳು. ತಾಯಿಯನ್ನು ಕರೆಸಿದೆ. ಆಕೆಗೆ ಅಕ್ಷರ ಬರುತ್ತಿರಲಿಲ್ಲ, ಒಳಗೆ ಬರಲೂ ಹಿಂಜರಿದು ಬಾಗಿಲಲ್ಲೇ ನಿಂತಿದ್ದರು. ‘ಅಮ್ಮಾ, ನೀವು ಅಡುಗೆ ಮಾಡುವಾಗ ಇವಳು ಪಕ್ಕದಲ್ಲಿ ಕೂತು ಆವತ್ತಿನ ಪಾಠ ಹೇಳಲಿ. ಪುಸ್ತಕ ಕೈಯಲ್ಲಿ ಬೇಡ. ನಿಮಗೆ ಅರ್ಥವಾಗದ ಕಡೆ ಯಾಕೆ ಅಂತ ಕೇಳಿ, ಸಾಕು’ ಎಂದೆ.

ಮೊದಲ ವಾರ ಹುಡುಗಿ ಅತ್ತಳಂತೆ. ರಕ್ತಪರಿಚಲನೆ ಹೇಳಲು ಹೊರಟು ಎರಡನೇ ವಾಕ್ಯಕ್ಕೇ ನಿಂತುಬಿಟ್ಟಳು. ಆ ತಾಯಿ ಕೇಳಿದ್ದು ನೋಡಿ: ‘ಹೃದಯಕ್ಕೆ ಬಂದ ರಕ್ತ ಅಲ್ಲಿಂದಲೇ ಮೈಗೆಲ್ಲ ಹೋಗಬಹುದಲ್ಲ, ನಡುವೆ ಶ್ವಾಸಕೋಶಕ್ಕೆ ಯಾಕೆ ಹೋಗಬೇಕು?’ ಮಗಳಿಗೆ ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಬಂದವಳೇ ಅದನ್ನು ನನ್ನ ಹತ್ತಿರ ಕೇಳಿದಳು. ಅಲ್ಲಿಯವರೆಗೆ ತರಗತಿಯಲ್ಲಿ ಬಾಯಿಯೇ ಬಿಡದಿದ್ದ ಹುಡುಗಿ! ಆ ವರ್ಷ ಪಾಸಾದಳು, ಮುಂದೆ ನರ್ಸಿಂಗ್ ಓದಿದಳು. ಇದನ್ನು ಹೇಳುವಾಗ ಈಗಲೂ ನನಗೆ ಗಂಟಲು ಕಟ್ಟುತ್ತದೆ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದಾಗ, ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ನೋಡದೆ ನೆನಪಿಸಿಕೊಂಡು ಬರೆದಿದ್ದವರು ಮುಂದೆ ಬಂದರು. ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲ ತಾನೇ? ಹಾಗಿದ್ದೂ ‘ಇನ್ನೊಂದು ಸಲ ಓದು’ ಎಂದೇ ಗದರಿಸುತ್ತೀರಲ್ಲ, ದಯವಿಟ್ಟು ನಿಲ್ಲಿಸಿ. ಪುಸ್ತಕ ಮುಚ್ಚಿಸಿ, ಕೇಳಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದು ಬೇಗ ಹೇಳುತ್ತೇನೆ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ನಿದ್ದೆಗೆಡಿಸಿ ಓದಿಸಬೇಡಿ. ಕಾಲೇಜಿನ ಕೋರ್ಸು ಆರಿಸುವ ಮೊದಲು ಅದಕ್ಕೆ ಯಾವ ವಿಷಯ ಓದಿರಬೇಕು ನೋಡಿ. ಗಣಿತ ಬಿಟ್ಟವರಿಗೆ ಎಂಜಿನಿಯರಿಂಗ್ ಸಾಮಾನ್ಯವಾಗಿ ಸಿಗುವುದಿಲ್ಲ. ಎಲ್ಲ ದಾಖಲೆಗಳಲ್ಲೂ ಹೆಸರು, ಹುಟ್ಟಿದ ದಿನ ಒಂದೇ ರೀತಿ ಇವೆಯೇ, ಈಗಲೇ ಪರಿಶೀಲಿಸಿ. ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಯಾವುದೆಂದು ಗೋಡೆಯ ಮೇಲೆ ಬರೆದಿಡಿ.

ಇವತ್ತು ರಾತ್ರಿಯೇ ಶುರು ಮಾಡಿ. ಮಗು ಹೇಳುತ್ತಾ ನಡುವೆ ತಡವರಿಸಿದರೆ ಬೈಯಬೇಡಿ. ಪುಸ್ತಕ ತೆಗೆದು ಅಷ್ಟು ಭಾಗ ಓದಲಿ, ಮುಚ್ಚಲಿ, ಮತ್ತೆ ಮೊದಲಿನಿಂದ ಹೇಳಲಿ. ನಮಸ್ಕಾರ.