ಹಾಸಿಗೆ ಹಿಡಿದ ಹಿರಿಯರಿಗೆ ದಿಂಬಿನ ಆಸರೆ

ಕೇಳುಗರಿಗೆ ನಮಸ್ಕಾರ.

ಪಾರ್ಶ್ವವಾಯು ಬಡಿದೋ, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದೋ, ವಯಸ್ಸಿನಿಂದಲೇ ನಿಶ್ಶಕ್ತರಾಗಿಯೋ ಹಾಸಿಗೆ ಹಿಡಿದ ಹಿರಿಯರು ನಮ್ಮ ಮೈಸೂರು, ಮಂಡ್ಯ ಸೀಮೆಯ ಅನೇಕ ಮನೆಗಳಲ್ಲಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಯಾವ ಮಾತ್ರೆಯನ್ನು ಯಾವ ಹೊತ್ತಿಗೆ ಕೊಡಬೇಕೆಂದು ಚೀಟಿಯಲ್ಲಿ ಬರೆದುಕೊಡುತ್ತಾರೆ. ಆದರೆ ಅವರನ್ನು ಮಲಗಿಸುವುದು ಹೇಗೆ, ಯಾವ ದಿಂಬನ್ನು ಎಲ್ಲಿಡಬೇಕು ಎಂಬುದನ್ನು ಕೈಹಿಡಿದು ತೋರಿಸುವಷ್ಟು ಬಿಡುವು ಅಲ್ಲಿನ ದಾದಿಯರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ. ಇಂದಿನ ನನ್ನ ಮಾತು ಆ ದಿಂಬುಗಳ ಬಗ್ಗೆ.

ದಿಂಬೆಂದರೆ ತಲೆಗೆ ಇಡುವ ವಸ್ತುವೆಂದೇ ನಾವು ತಿಳಿದಿದ್ದೇವೆ. ಮಗ್ಗುಲು ಬದಲಿಸಲಾರದವರ ವಿಷಯದಲ್ಲಿ ಅದರ ಕೆಲಸ ಬೇರೆ. ಆರೋಗ್ಯವಂತರು ನಿದ್ದೆಯಲ್ಲಿಯೂ ತಮಗೇ ತಿಳಿಯದಂತೆ ಪದೇಪದೇ ಹೊರಳುತ್ತಾರೆ. ಹಾಗೆ ಹೊರಳಲಾಗದವರಲ್ಲಿ ಮೂಳೆ ಉಬ್ಬಿರುವ ಜಾಗಗಳ ಮೇಲೆಯೇ, ಅಂದರೆ ಬೆನ್ನಿನ ಕೆಳತುದಿ, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ, ಕಾಲಿನ ಗಿಣ್ಣು, ಮೊಣಕೈ, ಭುಜದ ಹಿಂಬದಿ, ತಲೆಯ ಹಿಂಭಾಗ, ಕಿವಿಯ ಅಂಚು ಇವುಗಳ ಮೇಲೆಯೇ ದೇಹದ ಭಾರ ಗಂಟೆಗಟ್ಟಲೆ ಕೂರುತ್ತದೆ. ಒಳಗೆ ಮೂಳೆ, ಹೊರಗೆ ಹಾಸಿಗೆ, ನಡುವೆ ಸಿಕ್ಕಿಕೊಂಡ ಚರ್ಮ ಮತ್ತು ಮಾಂಸದ ಸಣ್ಣ ರಕ್ತನಾಳಗಳು ಅಮುಕಿ ಮುಚ್ಚಿಹೋಗಿ, ರಕ್ತ ಸಿಗದ ಜಾಗ ಸಾಯತೊಡಗುತ್ತದೆ. ಹಾಸಿಗೆ ಹುಣ್ಣು ಹುಟ್ಟುವುದು ಹೀಗೆ. ಮೇಲೆ ರೂಪಾಯಿಯಷ್ಟು ಅಗಲ ಕಂಡರೂ ಒಳಗೆ ಅದು ಮೂಳೆಯವರೆಗೆ ಹರಡಿರಬಹುದು.

ದಿಂಬುಗಳ ಕೆಲಸ ಈ ಭಾರವನ್ನು ಮಾಂಸ ಹೆಚ್ಚಿರುವ ಕಡೆಗೆ ಹಂಚುವುದು. ಇದೊಂದು ಮಾತು ಮನಸ್ಸಿನಲ್ಲಿ ನಿಂತರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ನೋಯುವ ಮೂಳೆಯ ಕೆಳಗೇ ದಿಂಬನ್ನು ತುರುಕಿದರೆ ಮೆತ್ತಗಾದೀತೇ ಹೊರತು ಒತ್ತಡ ತಪ್ಪುವುದಿಲ್ಲ. ಆ ಮೂಳೆಯ ಆಚೆ ಈಚೆ ಆಸರೆ ಕೊಟ್ಟು, ಮೂಳೆ ಹಾಸಿಗೆಗೆ ತಾಗದಂತೆ ಬಿಡುವು ಮಾಡಿಕೊಡಬೇಕು.

ಹಿಮ್ಮಡಿಯನ್ನೇ ನೋಡೋಣ. ಅಂಗಾತ ಮಲಗಿದವರ ಇಡೀ ಕಾಲಿನ ಭಾರ ಆ ಪುಟ್ಟ ಜಾಗದ ಮೇಲೆ ಬೀಳುತ್ತದೆ, ಅಲ್ಲಿ ಚರ್ಮದ ಅಡಿಯಲ್ಲಿ ಮಾಂಸವೂ ಹೆಚ್ಚಿಲ್ಲ. ನಮ್ಮ ಹಳ್ಳಿಗಳಲ್ಲಿ ಬಟ್ಟೆಯನ್ನು ಸಿಂಬೆಯಂತೆ ಸುತ್ತಿ ಅದರ ಮೇಲೆ ಹಿಮ್ಮಡಿ ಇಡುತ್ತಾರೆ. ಕೆಲವರು ಗಾಳಿ ತುಂಬುವ ರಬ್ಬರ್ ರಿಂಗನ್ನು ಪೃಷ್ಠದ ಕೆಳಗೆ ಇಡುತ್ತಾರೆ. ಪ್ರೀತಿಯಿಂದಲೇ ಮಾಡುವ ಈ ಎರಡೂ ಕೆಲಸಗಳನ್ನು ದಯವಿಟ್ಟು ಬಿಡಬೇಕು. ಉಂಗುರದ ಅಂಚು ಸುತ್ತಲಿನ ಚರ್ಮವನ್ನು ಅಮುಕುವುದರಿಂದ ನಡುವಿನ ಜಾಗಕ್ಕೆ ಬರುವ ರಕ್ತ ಇನ್ನಷ್ಟು ಕಡಿಮೆಯಾಗುತ್ತದೆ. ಕೈಗವಸಿಗೆ ನೀರು ತುಂಬಿ ಹಿಮ್ಮಡಿಯ ಕೆಳಗೆ ಇಡುವ ಪದ್ಧತಿಯೂ ಪ್ರಯೋಜನವಿಲ್ಲದ್ದು.

ಸರಿಯಾದ ಕ್ರಮ ಬಹಳ ಸರಳ. ಒಂದು ಸಾಧಾರಣ ದಿಂಬನ್ನು ಕಾಲಿನ ಉದ್ದಕ್ಕೆ ಸಮನಾಗಿ, ಮಂಡಿಯ ಕೆಳಗಿನಿಂದ ಗಿಣ್ಣಿನ ತುಸು ಮೇಲಿನವರೆಗೆ ಬರುವಂತೆ ಇಟ್ಟು, ಮೀನಖಂಡದ ಪೂರ್ತಿ ಭಾರ ಅದರ ಮೇಲೆ ಹರಡುವ ಹಾಗೆ ನೋಡಿಕೊಳ್ಳಬೇಕು. ಮಂಡಿ ತೀರ ನೆಟ್ಟಗೆ ಸೆಟೆಯದೆ ಒಂದಿಷ್ಟೇ ಬಾಗಿರಲಿ. ಹಿಮ್ಮಡಿ ದಿಂಬಿನ ಅಂಚಿನಿಂದ ಆಚೆಗೆ ಗಾಳಿಯಲ್ಲಿ ನಿಂತಿರಬೇಕು. ಒಂದು ಕಾಗದವನ್ನು ಹಿಮ್ಮಡಿಯ ಕೆಳಗೆ ಅತ್ತಿಂದಿತ್ತ ಜಾರಿಸಿ ನೋಡಿ. ಎಲ್ಲೂ ತಡೆಯದೆ ಹೋದರೆ ಇಟ್ಟದ್ದು ಸರಿಯಾಗಿದೆ. ದಿಂಬಿನ ಅಂಚು ಹಿಮ್ಮಡಿಯ ಮೇಲಿನ ದಪ್ಪ ಹುರಿಯಂಥ ಸ್ನಾಯುರಜ್ಜನ್ನು ಒತ್ತುತ್ತಿಲ್ಲವೆಂಬುದನ್ನೂ ಬೆರಳಿಟ್ಟು ನೋಡಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಕಾಲಿನ ಸ್ಪರ್ಶಜ್ಞಾನ ಕಡಿಮೆಯಿರಬಹುದು, ನೋಯುತ್ತಿದೆಯೆಂದು ಅವರು ಹೇಳದೆಯೂ ಇರಬಹುದು. ಅಂಥವರಿಗೆ ಈ ಪರೀಕ್ಷೆಯನ್ನು ಪ್ರತಿಸಲವೂ ಮಾಡಲೇಬೇಕು.

ಇಲ್ಲಿಯೇ ಇನ್ನೊಂದು ಎಚ್ಚರಿಕೆ. ಬರಿಯ ಮಂಡಿಯ ಕೆಳಗೆ ದಪ್ಪ ದಿಂಬಿಟ್ಟರೆ ಹಿರಿಯರಿಗೆ ಹಾಯೆನಿಸುತ್ತದೆ, ತೆಗೆಯಬೇಡಿ ಎನ್ನುತ್ತಾರೆ. ಆದರೆ ಹಗಲೂ ರಾತ್ರಿ ಹಾಗೆಯೇ ಬಿಟ್ಟರೆ ಮಂಡಿ ಮಡಿಸಿದ ಸ್ಥಿತಿಯಲ್ಲೇ ಗಟ್ಟಿಯಾಗಿ, ಮುಂದೆ ಅವರನ್ನು ಎಬ್ಬಿಸಿ ನಿಲ್ಲಿಸುವ ಅವಕಾಶವಿದ್ದರೂ ಕಾಲು ನೀಡಲು ಬಾರದಂತಾಗುತ್ತದೆ.

ಇನ್ನು ಮಗ್ಗುಲಾಗಿ ಮಲಗಿಸುವುದು. ಪೂರ್ತಿ ಪಕ್ಕಕ್ಕೆ, ಗೋಡೆಯಂತೆ ನೆಟ್ಟಗೆ ತಿರುಗಿಸಿದರೆ ಸೊಂಟದ ಪಕ್ಕದ ಮೂಳೆಯ ಮೇಲೆ ಭಾರವೆಲ್ಲ ಕೂರುತ್ತದೆ. ಅದರ ಬದಲು ಸುಮಾರು 30 ಡಿಗ್ರಿಯಷ್ಟು ಮಾತ್ರ, ಎಂದರೆ ಪೂರ್ತಿ ಹೊರಳುವುದರ ಮೂರನೆಯ ಒಂದು ಪಾಲು ಓರೆಯಾಗಿಸುವುದು ಒಳ್ಳೆಯದು. ಭುಜದಿಂದ ಸೊಂಟದವರೆಗೆ ಬರುವ ಒಂದು ಗಟ್ಟಿ ದಿಂಬನ್ನು ಬೆನ್ನ ಹಿಂದೆ ಒತ್ತಿ ಕೊಡಬೇಕು. ಮೇಲಿನ ಕಾಲನ್ನು ತುಸು ಮುಂದಕ್ಕೆ ಸರಿಸಿ ಅದರ ಕೆಳಗೆ ಇನ್ನೊಂದು ದಿಂಬನ್ನು ಇಡಬೇಕು. ಅದು ಮಂಡಿಗಳ ನಡುವೆ ಮಾತ್ರ ನಿಲ್ಲದೆ ಗಿಣ್ಣಿನವರೆಗೂ ಸಾಗಿರಬೇಕು, ಇಲ್ಲದಿದ್ದರೆ ಪಾದ ಜೋತುಬಿದ್ದು ಗಿಣ್ಣಿಗೆ ಗಿಣ್ಣು ತಾಗಿ ಉಜ್ಜುತ್ತದೆ. ಮೇಲಿನ ತೋಳಿಗೆ ಅಪ್ಪಿಕೊಂಡಂತೆ ಒಂದು ಮೆತ್ತನೆಯ ದಿಂಬು ಬೇಕು. ಎಲ್ಲ ಮುಗಿದ ಮೇಲೆ ನಿಮ್ಮ ಅಂಗೈಯನ್ನು ಅವರ ಬೆನ್ನಿನ ಕೆಳತುದಿಯ ಹತ್ತಿರ ಹಾಸಿಗೆಯ ಮೇಲೆ ಜಾರಿಸಿ. ಅಲ್ಲಿ ಮೂಳೆ ಕೈಗೆ ಒತ್ತಿಕೊಂಡರೆ ಓರೆ ಸಾಲದು. ಮೂಳೆ ತಾಗದಿದ್ದರೆ ಸರಿಯಾಗಿ ಕೂತಿದೆ. ಸೊಂಟದ ಶಸ್ತ್ರಚಿಕಿತ್ಸೆ ಆದವರನ್ನು ಯಾವ ಮಗ್ಗುಲಿಗೆ, ಎಷ್ಟು ತಿರುಗಿಸಬಹುದೆಂದು ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನೇ ಕೇಳಿ ನಡೆದುಕೊಳ್ಳಬೇಕು. ಸೊಂಟದ ಕೀಲು ಜಾರದಂತೆ ಕಾಲುಗಳ ನಡುವೆ ದಿಂಬನ್ನು ಸದಾ ಇಡಲು ಅವರು ಹೇಳಿರಬಹುದು.

ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು? ಎರಡನೆಯ ಮಹಾಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರಲ್ಲಿ ಅನೇಕರು ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಅವರಿಗಾಗಿ ವಿಭಾಗವೊಂದನ್ನು ಆರಂಭಿಸಿದ ಲುಡ್ವಿಗ್ ಗುಟ್‌ಮನ್ ಎಂಬ ವೈದ್ಯರು, ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ ಅವರನ್ನು ಹೊರಳಿಸುವ ಶಿಸ್ತನ್ನು ಬಿಗಿಯಾಗಿ ಜಾರಿಗೆ ತಂದರು. ಆ ಎರಡು ಗಂಟೆಯ ಲೆಕ್ಕವೇ ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ರೂಢಿಯಲ್ಲಿದೆ. ಒಳ್ಳೆಯ ಹಾಸಿಗೆಯಿದ್ದು ಚರ್ಮವೂ ಗಟ್ಟಿಯಾಗಿದ್ದರೆ ಕೆಲವರಿಗೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬಿಡಬಹುದು, ತೀರ ಸೊರಗಿದವರಿಗೆ ಎರಡು ಗಂಟೆಯೂ ಹೆಚ್ಚಾಗಬಹುದು. ಚರ್ಮವನ್ನು ನೋಡಿಯೇ ತೀರ್ಮಾನಿಸಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಅದು ಬೆಳ್ಳಗಾಗಿ ಮತ್ತೆ ಕೆಂಪಾದರೆ ರಕ್ತಸಂಚಾರ ಇನ್ನೂ ಇದೆ. ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಹುಣ್ಣಿನ ಮೊದಲ ಹಂತ ಶುರುವಾಗಿದೆ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಕಾಣಿಸದೆಯೂ ಇರಬಹುದಾದ್ದರಿಂದ, ಮೈ ಒರೆಸುವಾಗ ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಊದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು. ಅಂಥ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದು, ಸ್ಪಿರಿಟ್ ಸವರಿ ಪೌಡರ್ ಹಾಕಿ ಉಜ್ಜುವುದು ಹಿಂದೆ ವಾಡಿಕೆಯಲ್ಲಿತ್ತು. ಈಗ ಅದನ್ನು ಮಾಡಬಾರದೆಂದೇ ಹೇಳುತ್ತಾರೆ, ಏಕೆಂದರೆ ಒಳಗೆ ಮೊದಲೇ ಘಾಸಿಗೊಂಡ ಮಾಂಸ ಉಜ್ಜುವುದರಿಂದ ಇನ್ನಷ್ಟು ಹಾಳಾಗುತ್ತದೆ.

ಮನೆಮನೆಗಳಲ್ಲಿ ನಾನು ಕಂಡ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಮಂಚವನ್ನು ನಡುಮನೆಯ ಗೋಡೆಗೆ ಒತ್ತಿ ಹಾಕಿರುತ್ತಾರೆ. ಬಾಗಿಲು, ಟಿವಿ, ಬಂದುಹೋಗುವ ಜನ ಎಲ್ಲ ಒಂದೇ ಕಡೆಗೆ. ಗೋಡೆಯ ಕಡೆಗೆ ತಿರುಗಿಸಿದರೆ ಅಜ್ಜಿಗೆ ಬೇಸರ, ಹತ್ತು ನಿಮಿಷಕ್ಕೆಲ್ಲ "ಒಸಿ ಆ ಕಡೀಕೆ ತಿರುಗ್ಸವ್ವ" ಎಂದು ಸೊಸೆಯನ್ನು ಕರೆಯುತ್ತಾರೆ. ಹೀಗಾಗಿ ಒಂದೇ ಮಗ್ಗುಲಿನಲ್ಲಿ ಹುಣ್ಣಾಗುತ್ತದೆ. ಉತ್ತರಕ್ಕೆ ತಲೆ ಹಾಕಿ ಮಲಗಿಸಬಾರದೆಂಬ ನಂಬಿಕೆಯಿರುವ ಮನೆಗಳಲ್ಲಿ ಮಂಚದ ದಿಕ್ಕನ್ನು ಬದಲಿಸುವುದೂ ಕಷ್ಟ. ಅಂಥಲ್ಲಿ ಮಂಚವನ್ನು ಗೋಡೆಯಿಂದ ಒಂದಾಳು ಓಡಾಡುವಷ್ಟು ಈಚೆಗೆ ಎಳೆದು, ಆ ಕಡೆಯೂ ಒಂದು ಕುರ್ಚಿ ಹಾಕಿ, ಮನೆಯವರು ಅಲ್ಲಿ ಕೂತು ಮಾತನಾಡುವುದು ಒಳ್ಳೆಯ ಉಪಾಯ. ದಿಂಬು ಇಡಲೂ ಎರಡು ಕಡೆಯಿಂದ ಕೈ ಹಾಕಲು ಅನುಕೂಲವಾಗುತ್ತದೆ, ಆರೈಕೆ ಮಾಡುವವರ ಬೆನ್ನೂ ಉಳಿಯುತ್ತದೆ.

ಊಟದ ಹೊತ್ತಿನ ದಿಂಬಿನ ಜೋಡಣೆಗೆ ಹೆಚ್ಚಿನ ಗಮನ ಬೇಕು. ತಲೆಯ ಕೆಳಗೆ ಮೂರು ನಾಲ್ಕು ದಿಂಬುಗಳನ್ನು ಪೇರಿಸಿದರೆ ಕತ್ತು ಮುಂದಕ್ಕೆ ಮಡಿಸಿಕೊಳ್ಳುತ್ತದೆ, ಎದೆ ಕುಗ್ಗಿ ಉಸಿರಿಗೂ ತೊಂದರೆ. ಸೊಂಟದಿಂದಲೇ ಬೆನ್ನಿಗೆ ಆಸರೆ ಕೊಟ್ಟು ಆದಷ್ಟು ನೆಟ್ಟಗೆ ಕೂರಿಸಬೇಕು. ಆದರೆ ಬೆನ್ನನ್ನು ಎತ್ತುವ ಮೊದಲು ಮಂಡಿಗಳ ಕೆಳಗೆ ದಿಂಬಿಡುವುದನ್ನು ಮರೆಯಬಾರದು. ಇಲ್ಲವಾದರೆ ದೇಹ ನಿಧಾನವಾಗಿ ಕೆಳಕ್ಕೆ ಜಾರುತ್ತದೆ. ಗವಸನ್ನು ಹಿಡಿದುಕೊಂಡು ಒಳಗಿನ ದಿಂಬನ್ನು ಎಳೆದಂತೆ, ಚರ್ಮ ಹಾಸಿಗೆಗೆ ಅಂಟಿಕೊಂಡಿದ್ದು ಮೂಳೆ ಮಾತ್ರ ಒಳಗೇ ಸರಿದು, ನಡುವಿನ ರಕ್ತನಾಳಗಳು ಜಗ್ಗಿ ಹರಿದುಹೋಗುತ್ತವೆ. ಊಟ ಮುಗಿಸಿ ಮತ್ತೆ ಮಲಗಿಸುವಾಗ ಮಂಡಿಯ ದಿಂಬನ್ನು ತೆಗೆಯಬೇಕು. ಉಂಡ ಕೂಡಲೇ ಮಲಗಿಸದೆ ಕನಿಷ್ಠ ಅರ್ಧ ಗಂಟೆ ಕೂರಿಸಿರಬೇಕು, ಗಂಜಿಯೋ ಅನ್ನವೋ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಆಮೇಲೆ ಮಲಗುವಾಗ ತಲೆಯ ಕಡೆ 30 ಡಿಗ್ರಿಗಿಂತ ಹೆಚ್ಚು ಎತ್ತರ ಬೇಡ. ನುಂಗುವಾಗ ಪದೇಪದೇ ಕೆಮ್ಮು ಬರುತ್ತಿದ್ದರೆ ದಿಂಬು ಸರಿಮಾಡಿದರಷ್ಟೇ ಸಾಲದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನುಂಗುವ ತೊಂದರೆಯನ್ನು ಪರೀಕ್ಷಿಸುತ್ತಾರೆ, ಅಲ್ಲಿಗೆ ಕರೆದೊಯ್ಯಬಹುದು.

ಪಾರ್ಶ್ವವಾಯು ಆದವರ ಸೋತ ಕೈಯನ್ನು ಜೋಲಾಡಲು ಬಿಟ್ಟರೆ ಭುಜದ ಕೀಲು ಸಡಿಲವಾಗಿ ವಿಪರೀತ ನೋವು ಕೊಡುತ್ತದೆ. ಭುಜದಿಂದ ಬೆರಳ ತುದಿಯವರೆಗೆ ಇಡೀ ತೋಳು ದಿಂಬಿನ ಮೇಲಿರಲಿ. ಎಬ್ಬಿಸುವಾಗ ಆ ಕೈಯನ್ನು ಹಿಡಿದು ಎಳೆಯಲೇಬಾರದು.

ಇನ್ನು ದಿಂಬಿನ ಆಯ್ಕೆ. ಬೆಲೆಬಾಳುವ ಒಂದಕ್ಕಿಂತ ಸಾಧಾರಣವಾದ ಐದಾರು ದಿಂಬುಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅಂಗಡಿಯಲ್ಲಿ ಸಿಗುವ 17 ಅಂಗುಲ ಅಗಲ, 27 ಅಂಗುಲ ಉದ್ದದ ದಿಂಬು ಬಹುತೇಕ ಎಲ್ಲ ಜಾಗಕ್ಕೂ ಹೊಂದುತ್ತದೆ. ಬೂರುಗದ ಹತ್ತಿಯದು ಹಗುರ, ಮೈಗೆ ಹಿತ, ಆದರೆ ಒಗೆಯಲು ಬರುವುದಿಲ್ಲ. ಸಾದಾ ಹತ್ತಿಯದು ಗಟ್ಟಿಯಾಗಿ ನಿಲ್ಲುವುದರಿಂದ ಬೆನ್ನಿಗೆ ಒಳ್ಳೆಯದು. ಗಂಟುಗಟ್ಟಿದಾಗ ಬಿಚ್ಚಿಸಿ ಹಿಂಜಿಸಬೇಕು. ರೆಕ್ರಾನ್ ಎಂಬ ಪಾಲಿಯೆಸ್ಟರ್ ನಾರಿನ ದಿಂಬನ್ನು ಒಗೆಯಬಹುದು, ಕಾಲುಗಳ ನಡುವೆ ಇಡಲು ಅದು ಅನುಕೂಲ, ಬೇಗ ಚಪ್ಪಟೆಯಾಗುವುದೊಂದೇ ಅದರ ದೋಷ. ಓರೆಯಾಗಿ ಕತ್ತರಿಸಿದ ಫೋಮ್ ದಿಂಬು ಬೆನ್ನ ಹಿಂದೆ ಜಾರದೆ ನಿಲ್ಲುತ್ತದೆ, ಆದರೆ ಮಂಡ್ಯದ ಬೇಸಿಗೆಯಲ್ಲಿ ಬೆವರು ತರಿಸುತ್ತದೆ. ಕೊಳ್ಳುವಾಗ ದಿಂಬಿನ ಮೇಲೆ ಎರಡು ಅಂಗೈಗಳನ್ನೂ ಇಟ್ಟು ಭಾರ ಬಿಟ್ಟು ನೋಡಿ. ಕೈ ತಳಕ್ಕೆ ಹೋಗಿ ತಾಗಿದರೆ ಅದು ಕಾಲಿನ ಭಾರವನ್ನು ತಡೆಯಲಾರದು. ಸಂದುಗಳಿಗೆ ಹಳೆಯ ಪಂಚೆಯನ್ನೋ ಟವೆಲನ್ನೋ ಮಡಿಸಿ ಬಳಸಬಹುದು.

ರೆಕ್ಸಿನ್ ಹೊದಿಕೆ ನೇರವಾಗಿ ಮೈಗೆ ತಾಗಬಾರದು. ಒದ್ದೆಯಾಗುವ ಭಯವಿದ್ದರೆ ಅದನ್ನು ಒಳಗೆ ಹಾಕಿ ಮೇಲೆ ಹತ್ತಿಯ ಗವಸು ತೊಡಿಸಬೇಕು, ಜಿಪ್ಪು ಗುಂಡಿಗಳು ಹೊರಮಗ್ಗುಲಿಗೆ ಬರಬೇಕು. ತಾವಾಗಿ ಕೈ ಎತ್ತಲಾಗದವರ ಮುಖದ ಹತ್ತಿರ ಮೆತ್ತನೆಯ ದಿಂಬನ್ನು ಬಿಡಬೇಡಿ. ಅಲ್ಪಸ್ವಲ್ಪ ಕೈಕಾಲು ಆಡಿಸುವ ಶಕ್ತಿಯುಳ್ಳವರನ್ನು ಸುತ್ತಲೂ ದಿಂಬು ಒತ್ತಿ ಕಟ್ಟಿಹಾಕಿದಂತೆ ಮಾಡುವುದೂ ಸರಿಯಲ್ಲ.

ಮೈಸೂರಿನ ಧನ್ವಂತ್ರಿ ರಸ್ತೆಯ ಕಡೆಯ ಔಷಧದ ಅಂಗಡಿಗಳಲ್ಲಿ ಏರ್ ಬೆಡ್, ಅಂದರೆ ವಿದ್ಯುತ್ ಪಂಪಿನಿಂದ ಗಾಳಿ ತುಂಬುವ ಹಾಸಿಗೆ, ಕೇಳಿ ಕೊಳ್ಳುವವರಿದ್ದಾರೆ. ಅದು ಒಳ್ಳೆಯದೇ. ಆದರೆ ಅದರ ಮೇಲೆ ದಪ್ಪ ಜಮಖಾನ ಹಾಸಿದರೆ ಪ್ರಯೋಜನ ಕಡಿಮೆಯಾಗುತ್ತದೆ. ವಿದ್ಯುತ್ತು ಹೋದ ಹೊತ್ತಿನಲ್ಲಿ ಗಾಳಿ ಇಳಿಯುತ್ತಿದೆಯೇ ಎಂದು ಕೈಯಿಟ್ಟು ನೋಡುತ್ತಿರಬೇಕು. ಏರ್ ಬೆಡ್ ಇದ್ದರೂ ಹಿಮ್ಮಡಿಯನ್ನು ಎತ್ತಿ ಹಿಡಿಯಲು ದಿಂಬು ಬೇಕೇ ಬೇಕು, ಮಗ್ಗುಲು ಬದಲಿಸುವುದೂ ತಪ್ಪುವುದಿಲ್ಲ.

ರಾತ್ರಿಯ ಸರದಿಯನ್ನು ಒಬ್ಬರೇ ಹೊರಬಾರದು. ಎಷ್ಟು ಗಂಟೆಗೆ ಯಾವ ಮಗ್ಗುಲು ಎಂದು ಮಂಚದ ಬಳಿಯ ಗೋಡೆಗೆ ಒಂದು ಹಾಳೆ ಅಂಟಿಸಿ, ತಿರುಗಿಸಿದವರು ಅಲ್ಲೇ ಗುರುತು ಹಾಕಿದರೆ ಮಗನೂ ಸೊಸೆಯೂ ಮೊಮ್ಮಕ್ಕಳೂ ಹಂಚಿಕೊಳ್ಳಬಹುದು. ಚರ್ಮ ಬಿರಿದರೆ, ಕಪ್ಪಾದರೆ, ಕೀವು ಅಥವಾ ವಾಸನೆ ಬಂದರೆ, ಜೊತೆಗೆ ಜ್ವರ ಕಾಣಿಸಿದರೆ, ಆಶಾ ಕಾರ್ಯಕರ್ತೆಯ ಮೂಲಕವಾಗಲಿ ನೇರವಾಗಿ ಆಗಲಿ ಆ ದಿನವೇ ವೈದ್ಯರಿಗೆ ತಿಳಿಸಿ, ಅವರು ಬಂದು ನೋಡುವವರೆಗೆ ಆ ಜಾಗದ ಮೇಲೆ ಭಾರ ಬೀಳದ ಮಗ್ಗುಲಿನಲ್ಲಿ ಮಲಗಿಸಿರಿ.

ನಮಸ್ಕಾರ.