ಮನೆ ಕಟ್ಟಿದವರ ಕೂಲಿಗೆ ಯಾರು ಹೊಣೆ?

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಬಡಾವಣೆಗೆ ಬಡಾವಣೆಯನ್ನೇ ಕಟ್ಟಿ ಮಾರುವ ದೊಡ್ಡ ಕಂಪನಿಗಳಿವೆ. ಆದರೆ ಮರದ ಚೌಕಟ್ಟು ನಿಲ್ಲಿಸುವವರು, ಛಾವಣಿ ಹಾಕುವವರು, ಬಣ್ಣ ಬಳಿಯುವವರು ಹೆಚ್ಚಾಗಿ ಆ ಕಂಪನಿಯ ನೌಕರರಲ್ಲ. ಕಂಪನಿ ಕೆಲಸವನ್ನು ಗುತ್ತಿಗೆದಾರನಿಗೆ ಕೊಡುತ್ತದೆ. ಅವನು ಇನ್ನೊಬ್ಬನಿಗೆ ಒಪ್ಪಿಸುತ್ತಾನೆ. ಕೊನೆಗೆ ಯಾವನೋ ಮೇಸ್ತ್ರಿ ನಾಲ್ಕಾರು ಜನರನ್ನು ಕರೆತಂದು ಕೆಲಸ ಮುಗಿಸುತ್ತಾನೆ. ಕೂಲಿ ಕಡಿಮೆ ಬಂದರೆ ಯಾರನ್ನು ಕೇಳಬೇಕು?

ಕಾನೂನೇನೋ ಇದೆ. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಕಾಯ್ದೆಯ ಪ್ರಕಾರ, ವಾರಕ್ಕೆ 40 ಗಂಟೆ ಮೀರಿದ ಕೆಲಸಕ್ಕೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಗಂಟೆ ಲೆಕ್ಕ ಬಿಟ್ಟು ಒಂದು ಮನೆಗೆ ಇಷ್ಟು ಅಂತ ಮಾತಾಡಿಕೊಂಡಿದ್ದರೂ ಓವರ್‌ಟೈಮ್ ತಪ್ಪುವುದಿಲ್ಲ. ಒಬ್ಬ ಬಡಗಿ ವಾರದಲ್ಲಿ 50 ಗಂಟೆ ದುಡಿದು 1,000 ಡಾಲರ್ ಪಡೆದ ಅಂದುಕೊಳ್ಳಿ. ಗಂಟೆಗೆ 20 ಡಾಲರ್ ಆಯಿತು. ಹೆಚ್ಚಿನ 10 ಗಂಟೆಗೆ ಇನ್ನೂ ಅರ್ಧ, ಅಂದರೆ ಗಂಟೆಗೆ 10 ಡಾಲರ್ ಸೇರಬೇಕು. ಆ 100 ಡಾಲರ್ ಅವನ ಕೈಗೆ ಬರುವುದೇ ಇಲ್ಲ. ವಾರವಾರ ಹೀಗೇ ಆದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ.

ಕೂಲಿಯವನನ್ನೇ ಸ್ವತಂತ್ರ ಗುತ್ತಿಗೆದಾರ ಅಂತ ಕಾಗದದಲ್ಲಿ ತೋರಿಸುವುದು ಇನ್ನೊಂದು ದಾರಿ. ಆಗ ಓವರ್‌ಟೈಮೂ ಇಲ್ಲ, ಬಿದ್ದು ಕೈಕಾಲು ಮುರಿದರೆ ವಿಮೆಯೂ ಇಲ್ಲ. ಕಾನೂನು ಇದನ್ನು ಒಪ್ಪುವುದಿಲ್ಲ. ಕಾಗದ ಏನೇ ಹೇಳಲಿ, ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಅಂತ ಅದು ನೋಡುತ್ತದೆ.

ಫೆಡರಲ್ ಕಾರ್ಮಿಕ ಇಲಾಖೆಯ ತನಿಖಾಧಿಕಾರಿಗಳು ಹಾಜರಿ, ಸಂಬಳದ ದಾಖಲೆ ತೆರೆಸುತ್ತಾರೆ. ಕೆಲಸಗಾರರನ್ನು ಬೇರೆಯಾಗಿ ಮಾತಾಡಿಸುತ್ತಾರೆ. ಸಾಮಾನ್ಯವಾಗಿ ಎರಡು ವರ್ಷದ ಬಾಕಿ, ಬೇಕಂತಲೇ ತಪ್ಪಿಸಿದ್ದರೆ ಮೂರು ವರ್ಷದ್ದು ವಸೂಲಾಗುತ್ತದೆ. ಬಾಕಿಯಷ್ಟೇ ಇನ್ನೊಂದು ಮೊತ್ತವನ್ನು ಪರಿಹಾರವಾಗಿಯೂ ಕೇಳಬಹುದು. ವಲಸೆಯ ಕಾಗದಪತ್ರ ಇಲ್ಲದವರಿಗೂ ದುಡಿದ ಕೂಲಿಯ ಹಕ್ಕಿದೆ. ಆದರೆ ಗಡೀಪಾರಿನ ಭಯ ಇರುವವನು ದೂರು ಕೊಡಲು ಹೇಗೆ ಬರುತ್ತಾನೆ? ಹಾಗಾಗಿ ದೂರು ಬರಲಿ ಅಂತ ಸುಮ್ನೆ ಕಾಯಬಾರದು, ಇಲಾಖೆಯೇ ಕಟ್ಟಡದ ಹತ್ತಿರ ಹೋಗಬೇಕು. 2011ರಲ್ಲಿ ಅದು ಮನೆ ಕಟ್ಟುವ ಹಲವು ದೊಡ್ಡ ಕಂಪನಿಗಳಿಂದ ನೇರವಾಗಿ ದಾಖಲೆ ಕೇಳಿತು. ಅದು ಸರಿಯಾದ ಹೆಜ್ಜೆ ಅಂತಲೇ ನಾನು ಹೇಳುತ್ತೇನೆ.

ಚಿಕ್ಕ ಗುತ್ತಿಗೆದಾರನ ಮೇಲೆ ಮಾತ್ರ ಕೇಸು ಹಾಕಿದರೆ ಅವನು ಅಂಗಡಿ ಮುಚ್ಚಿ ಬೇರೆ ಹೆಸರಲ್ಲಿ ಶುರು ಮಾಡುತ್ತಾನೆ, ಅಲ್ವಾ? ಕ್ಯಾಲಿಫೋರ್ನಿಯಾ ಇದನ್ನು ಕಂಡುಕೊಂಡಿತು. 2018ರ ಜನವರಿ 1ರಿಂದ ಆದ ಗುತ್ತಿಗೆಗಳಲ್ಲಿ, ಕೆಳಗಿನವನು ಕೂಲಿ ಕೊಡದಿದ್ದರೆ ಮುಖ್ಯ ಗುತ್ತಿಗೆದಾರನೇ ಕೊಡಬೇಕು. ಕೆಳಗಿನವನ ಸಂಬಳದ ಲೆಕ್ಕ ಕೇಳುವ ಹಕ್ಕೂ ಅವನಿಗಿದೆ. ಲೆಕ್ಕ ತೋರಿಸುವವರೆಗೆ ತಕರಾರಿನ ಹಣವನ್ನು ಅವನು ತಡೆಹಿಡಿಯಬಹುದು.