ಮೊದಲ ಮ್ಯಾರಥಾನಿಗೆ ಒಬ್ಬ ಜೊತೆಗಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಐದು, ಹತ್ತು ಕಿಲೋಮೀಟರ್ ಓಡಿ ಕಾಲು ಪಳಗಿರುವ, ಈ ವರ್ಷ ಪೂರ್ಣ ಮ್ಯಾರಥಾನ್ ಓಡಬೇಕೆಂದು ಮನಸ್ಸು ಮಾಡಿ, ಅದನ್ನು ಮನೆಯವರ ಎದುರು ಹೇಳಲು ಇನ್ನೂ ಹಿಂಜರಿಯುತ್ತಿರುವ ಕೇಳುಗರಿಗಾಗಿ ಇಂದಿನ ನನ್ನ ಮಾತು. ಮ್ಯಾರಥಾನಿನ ದೂರ 42.195 ಕಿಲೋಮೀಟರ್. ಇದನ್ನು ಮೊದಲ ಸಲ ಓಡಲು ಹೊರಟವರು, ತರಬೇತುದಾರನಾದ ನನ್ನನ್ನು ಯಾವ ಶೂ ಕೊಳ್ಳಬೇಕು, ಯಾವ ಗಡಿಯಾರ ಕಟ್ಟಬೇಕು, ಬೆಳಿಗ್ಗೆ ಏನು ತಿನ್ನಬೇಕು ಎಂದೆಲ್ಲ ಕೇಳುತ್ತಾರೆ. ಅವೆಲ್ಲ ಆಮೇಲಿನ ಮಾತು. ನಿಮ್ಮ ಜೊತೆಯಲ್ಲಿ ಓಡುವವರು ಯಾರು ಎಂದು ನಾನು ಅವರನ್ನು ಮೊದಲು ಕೇಳುತ್ತೇನೆ. ಮೊದಲ ಮ್ಯಾರಥಾನನ್ನು ಒಬ್ಬರೇ ಓಡಬೇಡಿ.

ಇದಕ್ಕೆ ಕಾರಣ ದೇಹದಲ್ಲೇ ಇದೆ. ನಾವು ಉಣ್ಣುವ ಅನ್ನ, ಮುದ್ದೆ, ಚಪಾತಿಯ ಪಿಷ್ಟವು ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಸಂಗ್ರಹವಾಗಿರುತ್ತದೆ. ಸುಮಾರು 30 ಕಿಲೋಮೀಟರ್ ಹೊತ್ತಿಗೆ ಆ ದಾಸ್ತಾನು ತಳ ಮುಟ್ಟುತ್ತದೆ. ವೇಗ ಹೆಚ್ಚಿದಷ್ಟೂ ಬೇಗ ಮುಟ್ಟುತ್ತದೆ. ಹೊಸಬರು ಓಟದ ದಿನದ ಗದ್ದಲಕ್ಕೆ, ಚಪ್ಪಾಳೆಗೆ ಮರುಳಾಗಿ ಮೊದಲ ಗಂಟೆಯಲ್ಲೇ ಶಕ್ತಿಯನ್ನೆಲ್ಲ ಸುರಿದುಬಿಡುತ್ತಾರೆ. ಪೂರ್ಣ ವಾಕ್ಯಗಳಲ್ಲಿ ಮಾತನಾಡಲು ಉಸಿರು ಸಾಲುವಂತಹ ವೇಗದಲ್ಲಿ ಓಡುವುದೇ ಇದಕ್ಕೆ ಮದ್ದು. ಮಾತನಾಡಬೇಕಾದರೆ ಪಕ್ಕದಲ್ಲಿ ಒಬ್ಬರು ಇರಬೇಕಲ್ಲವೇ?

ಈ ವಿಷಯ ಬಂದಾಗಲೆಲ್ಲ ನಾನು ಕ್ಯಾಥರೀನ್ ಸ್ವಿಟ್ಜರ್ ಅವರ ಕಥೆಯನ್ನು ಹೇಳದೆ ಬಿಡುವುದಿಲ್ಲ. 1966ರಲ್ಲಿ ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಆಕೆಗೆ ಹತ್ತೊಂಬತ್ತು ವರ್ಷ. ಅಲ್ಲಿ ಹೆಣ್ಣುಮಕ್ಕಳ ಓಟದ ತಂಡವೇ ಇರಲಿಲ್ಲವಾದ್ದರಿಂದ ಆಕೆ ಹುಡುಗರ ತಂಡದೊಂದಿಗೆ ಅಭ್ಯಾಸಕ್ಕೆ ಹೋಗುತ್ತಿದ್ದರು. ಅಲ್ಲಿ ಸಿಕ್ಕಿದವರು ಆರ್ನಿ ಬ್ರಿಗ್ಸ್. ವಿಶ್ವವಿದ್ಯಾಲಯದ ಅಂಚೆ ಹಂಚುತ್ತಿದ್ದ, ಐವತ್ತು ವರ್ಷದ, ಬಾಸ್ಟನ್ ಮ್ಯಾರಥಾನನ್ನು ಹದಿನೈದು ಸಲ ಓಡಿದ್ದ ಮನುಷ್ಯ. ಹಿಮ ಸುರಿಯುವ ಸಂಜೆಗಳಲ್ಲಿ ಆಕೆಯ ಪಕ್ಕದಲ್ಲಿ ಓಡುತ್ತ, ದಣಿವು ಮರೆಯಲೆಂದು ಬಾಸ್ಟನ್ನಿನ ಕಥೆಗಳನ್ನು ಹೇಳುತ್ತಿದ್ದರು. ನಾನೂ ಅಲ್ಲಿ ಓಡುತ್ತೇನೆ ಎಂದು ಒಂದು ದಿನ ಆಕೆ ಹೇಳಿದಾಗ, ಹೆಂಗಸರಿಂದ ಅಷ್ಟು ದೂರ ಆಗದು ಎಂದು ಅದೇ ಆರ್ನಿ ವಾದಿಸಿದರು; ಆದರೆ ಅಭ್ಯಾಸದಲ್ಲಿ ಪೂರ್ತಿ ದೂರ ಓಡಿ ತೋರಿಸಿದರೆ ತಾವೇ ಬಾಸ್ಟನ್ನಿಗೆ ಕರೆದೊಯ್ಯುವುದಾಗಿಯೂ ಮಾತು ಕೊಟ್ಟರು. ಗಮನಿಸಿ, ಓಡಿ ತೋರಿಸು ಎಂದು ಹೇಳಿ ಅವರು ದಾರಿಯ ಬದಿಯಲ್ಲಿ ನಿಲ್ಲಲಿಲ್ಲ, ಜೊತೆಯಲ್ಲೇ ಓಡಿದರು. ಇಪ್ಪತ್ತಾರು ಮೈಲಿ ಮುಗಿದಾಗ, ಇನ್ನೂ ಐದು ಮೈಲಿ ಓಡೋಣ ಎಂದವರು ಕ್ಯಾಥರೀನ್. ಮೂವತ್ತೊಂದು ಮೈಲಿಗಳ ಕೊನೆಯಲ್ಲಿ ಪ್ರಜ್ಞೆ ತಪ್ಪಿದವರು ಆರ್ನಿ! ಮರುದಿನ ಅವರೇ ಬಂದು, ಹೆಸರು ನೋಂದಾಯಿಸಲೇಬೇಕೆಂದು ಪಟ್ಟು ಹಿಡಿದರು.

1967ರ ಏಪ್ರಿಲ್ 19ರಂದು, ಮೈ ಕೊರೆಯುವ ಚಳಿಯಲ್ಲಿ, 261 ಎಂಬ ಸಂಖ್ಯೆಯನ್ನು ಎದೆಗೆ ಅಂಟಿಸಿಕೊಂಡು ಕ್ಯಾಥರೀನ್ ಓಟ ಆರಂಭಿಸಿದರು. ಕೆಲವೇ ಮೈಲಿಗಳಾಗಿದ್ದವು, ಹೆಂಗಸೊಬ್ಬಳು ಈ ಓಟದಲ್ಲಿ ಇರಬಾರದೆಂದು ಓಟದ ಅಧಿಕಾರಿ ಜಾಕ್ ಸೆಂಪಲ್ ಹಿಂದಿನಿಂದ ಓಡಿಬಂದು ಆ ಸಂಖ್ಯೆಯನ್ನು ಕಿತ್ತುಕೊಳ್ಳಲು ಕೈಹಾಕಿದರು. ಆರ್ನಿ ಅಡ್ಡ ಬಂದರು. ಜೊತೆಯಲ್ಲಿ ಓಡುತ್ತಿದ್ದ ಕ್ಯಾಥರೀನರ ಗೆಳೆಯ ಟಾಮ್ ಮಿಲ್ಲರ್, ಹ್ಯಾಮರ್ ಎಸೆತದ ಆಟಗಾರ, ಸೆಂಪಲ್ ಅವರನ್ನು ಭುಜದಿಂದ ತಳ್ಳಿ ಪಕ್ಕಕ್ಕೆ ಹಾಕಿದರು. ಸುಮಾರು ನಾಲ್ಕು ಗಂಟೆ ಇಪ್ಪತ್ತು ನಿಮಿಷಗಳಲ್ಲಿ ಕ್ಯಾಥರೀನ್ ಓಟವನ್ನು ಪೂರ್ಣಗೊಳಿಸಿದರು. ಬಾಸ್ಟನ್ನಿನಲ್ಲಿ ಮಹಿಳೆಯರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದು 1972ರಲ್ಲಿ. ಒಲಿಂಪಿಕ್ಸಿನಲ್ಲಿ ಮಹಿಳಾ ಮ್ಯಾರಥಾನ್ ಬಂದಿದ್ದು 1984ರಲ್ಲಿ. ಆ ತಳ್ಳಾಟದ ಛಾಯಾಚಿತ್ರ ಲೋಕಪ್ರಸಿದ್ಧವಾಗಿದೆ. ಆದರೂ ಹಿಮದಲ್ಲಿ ಮೈಲಿಗಟ್ಟಲೆ ಮಾತನಾಡುತ್ತ ಓಡಿದ ಆರ್ನಿಯನ್ನು ನೆನೆಯುವವರು ಕಡಿಮೆ ಎಂಬುದು ನನಗೆ ಬಹಳ ಬೇಸರದ ಸಂಗತಿ.

ಅನುಭವಿಗಳಿಗೆ ಜೊತೆಗಾರ ಬೇಡ ಎನ್ನುವವರಿಗೆ ಒಂದೇ ಮಾತು: 2019ರಲ್ಲಿ ವಿಯೆನ್ನಾ ನಗರದಲ್ಲಿ ಕೀನ್ಯಾದ ಹೆಸರಾಂತ ಓಟಗಾರ ಎಲಿಯುಡ್ ಕಿಪ್ಚೋಗೆ ಎರಡು ಗಂಟೆಗಳೊಳಗೆ ಈ ದೂರವನ್ನು ಕ್ರಮಿಸಿದಾಗ, ಸರದಿಯಂತೆ ಜೊತೆಗೆ ಓಡಲು 41 ಮಂದಿ ಇದ್ದರು. ಅವರಿಗೇ ಜೊತೆ ಬೇಕಾಗಿರುವಾಗ, ಮೊದಲ ಸಲ ಓಡುವ ನಮಗೆ ಬೇಡವೇ?

ಸಮಯ ಕಡಿಮೆ ಇರುವುದರಿಂದ ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಜೊತೆಗಾರರು ನಿಮಗಿಂತ ವೇಗಿಗಳಾಗಿರಬೇಕಿಲ್ಲ. ನಿಮಗಾಗಿ ನಿಧಾನಿಸಲು ಒಪ್ಪುವವರಾದರೆ ಸಾಕು. ಭಾನುವಾರದ ದೀರ್ಘ ಓಟವನ್ನು ಇಬ್ಬರೂ ಕೂಡಿಯೇ ಮಾಡಿ, ತಿಂಗಳುಗಳ ಅವಧಿಯಲ್ಲಿ ಅದನ್ನು 30 ಕಿಲೋಮೀಟರ್‌ವರೆಗೆ ಬೆಳೆಸಿಕೊಳ್ಳಿ. ನೀರಿನ ಜೊತೆಗೆ ಉಪ್ಪು, ಸಕ್ಕರೆಯೂ ದೇಹಕ್ಕೆ ಹೋಗಲಿ. ಓಟದ ದಿನ ಆಗಾಗ ನಿಮ್ಮನ್ನು ಏನಾದರೂ ಕೇಳುತ್ತಿರುವಂತೆ ಜೊತೆಗಾರರಿಗೆ ಮೊದಲೇ ಹೇಳಿಡಿ. ನಿಮ್ಮ ಉತ್ತರ ಬರೀ "ಹೂಂ" ಎಂಬಲ್ಲಿಗೆ ಇಳಿದರೆ ಇಬ್ಬರೂ ವೇಗ ತಗ್ಗಿಸಬೇಕು. ಅದೂ ಸಾಲದಿದ್ದರೆ ಸ್ವಲ್ಪ ದೂರ ನಡೆಯಿರಿ. ನಡೆದರೆ ಮಾನ ಹೋಗುವುದಿಲ್ಲ.

ಅಂಥವರು ಎಲ್ಲಿ ಸಿಗುತ್ತಾರೆ ಎಂದು ದಯವಿಟ್ಟು ಕೇಳಬೇಡಿ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ, ನಿಮ್ಮೂರಿನ ಹೈಸ್ಕೂಲು ಮೈದಾನದಲ್ಲಿ ದಿನವೂ ನಿಮ್ಮ ಎದುರಿಗೇ ಬಂದು, ಮುಗುಳ್ನಕ್ಕು ಹೋಗುವವರಿದ್ದಾರೆ. ನಾಳೆ ಬೆಳಿಗ್ಗೆ ಅವರನ್ನು ನಿಲ್ಲಿಸಿ, ಭಾನುವಾರ ಎಷ್ಟು ಗಂಟೆಗೆ ಬರುತ್ತೀರಿ ಎಂದು ಕೇಳಿ.

ನಮಸ್ಕಾರ.